ಹತ್ತು ಗಿಡದ ಪರೀಕ್ಷೆ

ಪರಿಣಾಮ ಅಳೆಯುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದೇ ನಾನು ತಿಳಿದಿದ್ದೆ. ಕರೋಶಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಮುಖ ನೋಡಿದರೇ ಮಕ್ಕಳ ತಲೆಯಲ್ಲೇನಿದೆ ಎಂದು ಗೊತ್ತಾಗುತ್ತದೆ ಎಂಬ ಜಂಬ ಬೇರೆ!

ಒಂಬತ್ತನೆಯ ತರಗತಿಯವರನ್ನು ಯಡೂರಿನ ಹೊಳೆದಂಡೆಗೆ ಎರಡು ದಿನದ ಪರಿಸರ ಶಿಬಿರಕ್ಕೆ ಕರೆದೊಯ್ಯುವುದಿತ್ತು. ಶಿಬಿರ ನಡೆಸಲು ನೆರವಾಗುವ ಸಂಸ್ಥೆಯ ಮೇಡಂ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: “ಮಕ್ಕಳಿಗೆ ಏನ ಉಪಯೋಗ ಆತು ಅಂತ ತೋರಸ್ರಿ ಸರ್. ಇಲ್ಲಾಂದ್ರ ಮುಂದಿನ ವರ್ಷ ಶಿಬಿರ ಇಲ್ಲ.”

ತೋರಿಸಿದರಾಯಿತು! ಶಿಬಿರಕ್ಕೆ ಮೊದಲಿನ ಶನಿವಾರ ಪ್ರಶ್ನೆಪತ್ರಿಕೆ ಹಂಚಿದೆ: ‘ಹೊಳೆದಂಡೆಯ ಹತ್ತು ಗಿಡಗಳ ಹೆಸರು ಬರೆಯಿರಿ.’ ಅಷ್ಟರಲ್ಲಿ ಗಂಟೆ ಹೊಡೆಯಿತು. “ಮನ್ಯಾಗ ಬರಕೊಂಡ ಬರ್ರಿ” ಎಂದೆ.

ಸೋಮವಾರ ಎಲ್ಲರಿಗೂ ಹತ್ತಕ್ಕೆ ಹತ್ತು. ಶಿಬಿರ ಮುಗಿದ ದಿನ ಮಕ್ಕಳನ್ನು ಹೊಳೆದಂಡೆಯಲ್ಲೇ ಕೂರಿಸಿ ಅದೇ ಪತ್ರಿಕೆ ಬರೆಸಿದೆ. ನಾಲ್ಕು, ಮೂರು, ಒಬ್ಬನಿಗೆ ಎರಡು!

ನನ್ನ ಹೆಂಡತಿ ಕಸ್ತೂರಿ ಪತ್ರಿಕೆಗಳನ್ನು ತಿರುವಿ ಹಾಕಿದಳು. “ತುಂಬಿದ ತಲಿ ಒಯ್ದು ಖಾಲಿ ಮಾಡ್ಕೊಂಡ ಬಂದೀರಲ್ರಿ!”

ನನಗೆ ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಯಿತು. ಎರಡು ದಿನದಲ್ಲಿ ಆರು ಗಿಡ ಮರೆಯಲು ಹೇಗೆ ಸಾಧ್ಯ? ದಣಿದಿರಬೇಕು ಎಂದುಕೊಂಡು ಮೂರನೆಯ ಸಲ ಪತ್ರಿಕೆ ಕೊಟ್ಟು ಮನೆಗೆ ಕಳಿಸಿದೆ. ಮತ್ತೆ ಹತ್ತಕ್ಕೆ ಹತ್ತು!

ಆಹಾ! ಕೂಡಲೇ ವರದಿ ಬರೆದೆ: ‘ಸದರಿ ಶಿಬಿರದ ಪರಿಣಾಮವು ವಿದ್ಯಾರ್ಥಿಯು ಸ್ವಗೃಹಕ್ಕೆ ಮರಳಿದ ನಂತರವೇ ಪಕ್ವಗೊಳ್ಳುವುದೆಂದು ಈ ಮೂಲಕ ಸಾಬೀತಾಗಿದೆ.’ ಕಳಿಸಿಯೂ ಬಿಟ್ಟೆ.

ಓದಿದ ಮೇಡಂ ಸುಮ್ಮನಿರಬೇಕಲ್ಲ? “ಈ ಪಕ್ವ ಆಗೂದನ್ನ ನಾನೂ ನೋಡಬೇಕ್ರಿ” ಎಂದು ಬಂದೇಬಿಟ್ಟರು. ತರಗತಿಯ ಜಾಣೆ ಸವಿತಾಳ ಮನೆಗೆ ಎದೆಯುಬ್ಬಿಸಿಕೊಂಡು ಕರೆದೊಯ್ದೆ. ಸವಿತಾ ಇರಲಿಲ್ಲ. ಅವಳ ಅಜ್ಜಿ ಗೌರವ್ವ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದಳು.

“ಬರ್ರಿ ಸರ್. ಮನ್ಯಾಗ ಬರದ ಎರಡನೇ ಪರೀಕ್ಷೆದಾಗ ನನಗ ಎಷ್ಟ ಮಾರ್ಕ್ಸ್ ಬಿದ್ದಾವ್ರಿ?”

“ನಿನಗ?!”

“ಮತ್ತ? ಎರಡೂ ಸಲ ಹೇಳಿದಾಕಿ ನಾನ. ಅಕಿ ಬರಕೊಂಡಾಳಷ್ಟ. ಅಕಿ ಕ್ಲಾಸಿನ ಹುಡುಗೋರೆಲ್ಲಾ ನನ್ನ ಕಡೇನ ಬಂದಿದ್ರು.”

ಮೇಡಂ ನನ್ನ ಮುಖ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ. ಶಿಬಿರ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಪಾಪ, ಮಕ್ಕಳು ಆ ಎರಡು ದಿನ ಎಷ್ಟು ಖುಷಿಯಾಗಿದ್ದವು!

ಗೌರವ್ವ ಸೊಪ್ಪಿನ ಒಂದು ಕುಡಿ ಎತ್ತಿ ಹಿಡಿದಳು. “ಇದ್ಯಾವ ಸೊಪ್ಪ ಹೇಳ್ರಿ ಸರ್?”

ಬಿಳಿಯ ಪುಟ್ಟ ಹೂವು. ನನಗೆ ಧೈರ್ಯ ಬಂತು. “ತುಂಬಿ ಸೊಪ್ಪು!”

“ಗರಗದ ಸೊಪ್ಪ್ರಿ ಅದು! ಶಿಬಿರದಾಗ ನಮ್ಮ ಸರ್ ತುಂಬಿ ಅಂದಾರ ಅಂತ ನಮ್ಮ ಸವಿತಾ ಮೂರ ದಿನ ನನ್ನ ಕೂಡ ಜಗಳಾಡ್ಯಾಳ. ಕಡೀಕ ಎರಡೂ ಕಿತ್ಕೊಂಡ ಬಂದು ಬಾಜೂಕ ಇಟ್ಟು ನೋಡಿದ್ಲು. ಅವತ್ತಿಂದ ಯಾರ ಮಾತೂ ನಂಬಂಗಿಲ್ಲ. ಮೊದಲ ಹೊಲಕ್ಕ ಬಾ ಅಂದ್ರ ಮಾರಿ ತಿರುವಾಕಿ, ಈಗ ಸಾಲಿ ಬಿಟ್ಟಕೂಡ್ಲೆ ಓಡ್ತಾಳ. ಒಂದೊಂದ ಗಿಡಾನೂ ತಪಾಸ ಮಾಡ್ತಾಳ. ಈಗೂ ಅಲ್ಲೇ ಹೋಗ್ಯಾಳ!”

ಮೇಡಂ ಜೋರಾಗಿ ನಕ್ಕುಬಿಟ್ಟರು. “ಇದನ್ಯಾಕ ವರದಿದಾಗ ಬರದಿಲ್ರಿ ಸರ್? ಪರಿಣಾಮ ಅಂದ್ರ ಇದಾ! ಮುಂದಿನ ವರ್ಷ ಶಿಬಿರ ಪಕ್ಕಾ. ಆದ್ರ ಗಿಡದ ಪಾಠಾ ಗೌರವ್ವ ಹೇಳ್ಲಿ.”

ನನಗೆ ಜೀವ ಬಂದಂತಾಯಿತು. “ಮತ್ತ ನಾನು?” ಎಂದೆ.

“ರೊಟ್ಟಿ ಗಂಟ ಹೊತ್ಕೊಂಡ ಬರ್ರಿ,” ಎಂದಳು ಗೌರವ್ವ. “ದಾರ್ಯಾಗ ಯಾವ ಗಿಡದ ಹೆಸರೂ ಹೇಳಬ್ಯಾಡ್ರಿ, ಅಷ್ಟ ಸಾಕು.”

ಹೊಸ ವರದಿಯಲ್ಲಿ ಇದೆಲ್ಲವನ್ನೂ ಬರೆದು, ಕೊನೆಗೆ ಅಂಕಪಟ್ಟಿ ಲಗತ್ತಿಸಿದೆ: ಗೌರವ್ವ, ಹತ್ತಕ್ಕೆ ಹತ್ತು. ವಿಜ್ಞಾನದ ಮಾಸ್ತರ, ಮರುಪರೀಕ್ಷೆ.