ಕೊನೆಯ ಪುಟಕ್ಕೆ ಹಾಕಿದ ಹೊಲಿಗೆ

ಈ ಪ್ರಪಂಚ ಇನ್ನೂ ಮುಳುಗದೆ ಉಳಿದಿದೆಯಲ್ಲ, ಅದಕ್ಕೆ ಯಾರು ಕಾರಣ ಗೊತ್ತೇ? ದೇವರು, ವಿಜ್ಞಾನಿಗಳು ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕಟ್ಟೆಮಳಲವಾಡಿಯಲ್ಲಿರುವ ನನ್ನ ಸೋದರಮಾವ! ಇದು ನನ್ನ ಮಾತಲ್ಲ, ಅವರೇ ಹೇಳಿಕೊಳ್ಳುವುದು.

ಮಾವನದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಹದ ಮಾಡುವ ಬ್ಯಾರನ್ನಿನ ಪಕ್ಕದ ಕೋಣೆಯಲ್ಲಿ ಮೂರು ಗೋಣಿಚೀಲದ ತುಂಬ ಚಿತ್ರಕಥೆ ಪುಸ್ತಕಗಳು. ಹುಣಸೂರಿಗೆ ಗೊಬ್ಬರ ತರಲು ಹೋದವರು ಹಳೇ ಪೇಪರ್ ಅಂಗಡಿಯಿಂದ ಪುಸ್ತಕ ಹೊತ್ತು ಬರುತ್ತಿದ್ದರು. ಗೊಬ್ಬರ ಮರೆತಿರುತ್ತಿದ್ದರು! ಹೊಗೆಸೊಪ್ಪಿನಂತೆ ಅವಕ್ಕೂ ಗ್ರೇಡ್ ಇತ್ತು. ಮೊಸಳೆಯ ಜತೆ ಕುಸ್ತಿ ಇದ್ದರೆ ಮೊದಲ ದರ್ಜೆ, ಬರೀ ನೀತಿ ಬೋಧನೆಯಾದರೆ ಕಡೇ ದರ್ಜೆ.

ದಸರಾ ರಜೆಯಲ್ಲಿ ಮನೆಯ ಮಕ್ಕಳೆಲ್ಲ ಅಲ್ಲಿ ಠಿಕಾಣಿ ಹೂಡುತ್ತಿದ್ದೆವು. ಆದರೆ ಒಂದು ಹಿಂಸೆ. ಪ್ರತಿ ಪುಸ್ತಕದ ಕೊನೆಯ ಎರಡು ಹಾಳೆಗಳನ್ನು ಮಾವ ಒಂದಕ್ಕೊಂದು ಸೇರಿಸಿ, ಸೊಪ್ಪಿನ ಮೂಟೆ ಹೊಲಿಯುವ ದಬ್ಬಳ ಮತ್ತು ಸೆಣಬಿನ ದಾರದಿಂದ ಹೊಲಿದುಬಿಡುತ್ತಿದ್ದರು!

"ಕತೆ ಮುಗುದ್ರೆ ಪ್ರಪಂಚಾನೂ ಮುಗೀತದೆ ಕಣವ್ವ. ನಾವೆಲ್ಲ ಮುಂದೇನಾಯ್ತದೆ ಅಂತ ಕಾಯ್ತಾ ಕೂತಿದ್ರೆ, ಮೇಲಿರೋನ್ಗೂ ಮುಗ್ಸಕ್ಕೆ ಮನ್ಸು ಬರಕ್ಕಿಲ್ಲ."

ಚಿಕ್ಕವರಿದ್ದಾಗ ಅವರು ಮೊದಲ ಸಲ ಒಂದು ಪುಸ್ತಕದ ಕೊನೆಯ ಪುಟ ತಿರುಗಿಸಿದರಂತೆ. ಅದೇ ಗಳಿಗೆಗೆ ಹಿತ್ತಲ ಹುಲ್ಲಿನ ಬಣವೆಗೆ ಸಿಡಿಲು ಬಡಿಯಿತಂತೆ. ಅಂದಿನಿಂದ ಈ ಹೊಲಿಗೆ. "ಸಿಡ್ಲಿಗೇನು ಓದಕ್ಕೆ ಬತ್ತದಾ?" ಎಂದು ಅತ್ತೆ ಕೇಳಿದರೆ ಮಾವನಿಗೆ ಕೇಳಿಸುತ್ತಲೇ ಇರಲಿಲ್ಲ.

ಒಮ್ಮೆ ಟಿಬೆಟನ್ನರ ಶಿಬಿರದ ಪಕ್ಕದ ಕೊಪ್ಪದ ಅಂಗಡಿಯಿಂದ ಟಿಬೆಟನ್ ಭಾಷೆಯ ಚಿತ್ರಕಥೆಯೊಂದನ್ನು ತಂದರು. ಅದಕ್ಕೂ ಬಿತ್ತು ಹೊಲಿಗೆ.

"ನಮ್ಗೆ ಓದಕ್ಕೇ ಬರಲ್ವಲ್ಲ ಮಾವ!"

"ನಮ್ಗೆ ಬರಲ್ಲ. ಪ್ರಳಯಕ್ಕೆ ಬಂದ್ರೆ?"



ಆ ರಾಶಿಯಲ್ಲಿ ನನ್ನ ಜೀವದಂಥ ಪುಸ್ತಕ ಒಂದಿತ್ತು. ಮಾಟಗಾರನ ಪಾಳುಬಾವಿಗೆ ಕುಂಬಾರರ ಹುಡುಗಿಯೊಬ್ಬಳು ತಮ್ಮನನ್ನು ಬಿಡಿಸಲು ಹಗ್ಗ ಹಿಡಿದು ಇಳಿಯುತ್ತಾಳೆ. ಹಗ್ಗ ಸವೆದು ಒಂದೇ ಎಳೆ ಉಳಿದಿದೆ. ಕೆಳಗೆ ಸರ್ಪ ಬಾಯಿ ತೆರೆದಿದೆ. ಅಷ್ಟೇ! ಮುಂದಿನದು ದಾರದ ಆಚೆ. ಎಷ್ಟು ರಜೆಗಳಲ್ಲಿ ಆ ಹಾಳೆಗಳನ್ನು ಬೆಳಕಿಗೆ ಹಿಡಿದು ಇಣುಕಿದ್ದೇನೋ ಲೆಕ್ಕವಿಲ್ಲ.

ನನಗೆ ಹತ್ತು ವರ್ಷವಾಗಿದ್ದ ದಸರಾದಲ್ಲಿ ಟೀವಿಯ ಜ್ಯೋತಿಷಿಯೊಬ್ಬ ಶುಕ್ರವಾರ ಸಂಜೆ ಆರಕ್ಕೆ ಪ್ರಳಯವೆಂದು ಸಾರಿದ. ಊರಿನಲ್ಲಿ ಕೆಲವರು ಸಾಕಿದ ಕೋಳಿ ಕೊಯ್ದರು. ನಾನು ಮೇಷ್ಟ್ರು ಕೊಟ್ಟಿದ್ದ ಮಗ್ಗಿ ಬರೆಯುವುದನ್ನು ಆ ಕ್ಷಣವೇ ನಿಲ್ಲಿಸಿದೆ. ಮಾವನ ಚಿಂತೆ ಬೇರೆ. ಬುಧವಾರವಷ್ಟೇ ಬ್ಯಾರನ್ನಿಗೆ ಬೆಂಕಿ ಹಾಕಿದ್ದರು. "ಶುಕ್ರಾರಕ್ಕೆ ಎಲೆ ಆಗ್ತಾನೆ ಅರಿಶ್ಣದ ಬಣ್ಣಕ್ಕೆ ತಿರುಗ್ತದೆ. ಇನ್ನು ಮೂರು ದಿನ ತಡ್ಯಕ್ಕಾಗಲ್ವಾ ಆ ಪ್ರಳಯಕ್ಕೆ?"

ಶುಕ್ರವಾರ ಮಧ್ಯಾಹ್ನ ಅವರು ಗೋಣಿಚೀಲಗಳನ್ನು ಜಗಲಿಗೆ ಸುರಿದು, ಕುಡುಗೋಲಿನಿಂದ ಹೊಲಿಗೆಗಳನ್ನೆಲ್ಲ ಕತ್ತರಿಸಿದರು. "ಎಂಗೂ ಮುಗೀತದೆ. ಓದ್ಕಳ್ರವ್ವ, ಓದ್ಕಳ್ರಪ್ಪ. ಆಸೆ ಇಟ್ಕೊಂಡು ಸಾಯ್ಬ್ಯಾಡಿ."

ನಾವು ಮುಗಿಬಿದ್ದೆವು. ಪುಟಪುಟದಲ್ಲೂ ರಾಕ್ಷಸರು ಸಾಯುತ್ತಿದ್ದರು, ಮದುವೆಗಳು ನಡೆಯುತ್ತಿದ್ದವು. ನಾನು ನನ್ನ ಬಾವಿಯ ಹುಡುಗಿಯನ್ನು ಕೊನೆಗೆಂದು ಉಳಿಸಿಕೊಂಡೆ, ಊಟದ ಎಲೆಯ ತುದಿಯಲ್ಲಿ ಒಬ್ಬಟ್ಟನ್ನು ಉಳಿಸಿಕೊಳ್ಳುವ ಹಾಗೆ. ಆರಕ್ಕೆ ಐದು ನಿಮಿಷವಿದ್ದಾಗ ಕೈಗೆತ್ತಿಕೊಂಡು, ಮೊದಲಿನಿಂದ ಓದುತ್ತ ಬಂದೆ. ಹಗ್ಗದ ಎಳೆಯ ಚಿತ್ರ ಬಂತು. ಇನ್ನೇನು ಹಾಳೆ ತಿರುಗಿಸಬೇಕು, ಗೋಡೆಯ ಗಡಿಯಾರ ಆರು ಹೊಡೆಯಿತು. ಹಸು ಅಂಬಾ ಎಂದಿತು. ಆಕಾಶ ತನ್ನ ಜಾಗದಲ್ಲೇ ಇತ್ತು.

"ಕೊಡವ್ವ ಇಲ್ಲಿ, ಪ್ರಪಂಚ ಉಳ್ಕತು!" ಎಂದು ಮಾವ ಪುಸ್ತಕ ಕಿತ್ತುಕೊಂಡೇಬಿಟ್ಟರು. ದಬ್ಬಳ ಮತ್ತೆ ಕೆಲಸಕ್ಕೆ ಇಳಿಯಿತು. ಪ್ರಪಂಚ ಉಳಿದದ್ದಕ್ಕೆ ಗೋಳೋ ಎಂದು ಅತ್ತವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು!

ಹೋದ ವರ್ಷ ಮಾವನ ಎದೆಯಲ್ಲಿ ತೊಂದರೆ ಕಾಣಿಸಿಕೊಂಡಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿನ ದಿನ ಬೆಳಿಗ್ಗೆ ನಾನು ಹೋದಾಗ, ದಿಂಬಿನ ಕೆಳಗಿನಿಂದ ಅದೇ ಪುಸ್ತಕ ತೆಗೆದರು. ಜತೆಗೆ ನರ್ಸಮ್ಮನಿಂದ ಕೇಳಿ ತೆಗೆದುಕೊಂಡ ಕತ್ತರಿ.

"ಬಿಚ್ಬುಡವ್ವ. ಅವತ್ತು ನೀ ಅತ್ತಿದ್ದು ನನ್ ಮನ್ಸಲ್ಲೇ ಐತೆ. ಓದು, ನಾನೂ ಕೇಳ್ತೀನಿ."

ಮಾವ ಹೊಲಿಗೆ ಬಿಚ್ಚಿದ್ದು ಜೀವನದಲ್ಲಿ ಒಂದೇ ಸಲ, ಎಲ್ಲ ಮುಗಿಯಿತೆಂದು ನಂಬಿದ ದಿನ. ಅವರು ಅಷ್ಟು ಹೆದರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕತ್ತರಿಯನ್ನು ಪಕ್ಕದ ಮೇಜಿನ ಮೇಲಿಟ್ಟೆ. "ಈಗ ಓದಲ್ಲ ಮಾವ. ನೀನು ಹೊರಗೆ ಬಾ, ಆಮೇಲೆ ನೋಡಣ."

"ಬರ್ದೆ ಇದ್ರೆ?"

"ಕತೆ ಮುಗೀದೆ ಅದೆಂಗೋಯ್ತೀಯ?"

ಮಾವ ನನ್ನನ್ನೇ ನೋಡಿದರು. ಆಮೇಲೆ ಮೀಸೆಯ ಅಡಿಯಲ್ಲಿ ನಕ್ಕರು.

ಬಂದರು. ಈಗ ಬ್ಯಾರನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಸೊಪ್ಪು ಕಟ್ಟುವವರ ಮೇಲೆ ರೇಗುತ್ತಿರುತ್ತಾರೆ. ಮೊನ್ನೆ ಊರಿಗೆ ಹೋದಾಗ ಆ ಪುಸ್ತಕ ತೆಗೆದು ನೋಡಿದೆ. ದಾರ ಸವೆದು ಲಡ್ಡಾಗಿ ಜೋತಾಡುತ್ತಿತ್ತು, ಬೆರಳು ತಾಕಿಸಿದರೆ ಸಾಕು, ಹಾಳೆ ಬಿಚ್ಚಿಕೊಳ್ಳುತ್ತಿತ್ತು. ಹೊರಗೆ ಮಾವ ಯಾರನ್ನೋ ಬೈಯುತ್ತಿದ್ದದ್ದು ಕೇಳಿಸಿತು.

ಅತ್ತೆಯನ್ನು ಕೂಗಿ, ದಬ್ಬಳ ಎಲ್ಲಿದೆ ಎಂದು ಕೇಳಿದೆ.