ಉತ್ತರ ಧ್ರುವದಲ್ಲಿ ಸಂಕಷ್ಟಿ

ಚಂದ್ರನನ್ನು ಹುಡುಕುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಮಸ್ಕತ್ತಿನ ಹಮ್ರಿಯಾದಲ್ಲಿ ಯಾರೂ ಇರಲಿಲ್ಲ. ನನ್ನ ಹೆಂಡತಿ ಸುಧಾ ಪ್ರತಿ ತಿಂಗಳೂ ಸಂಕಷ್ಟಿಯ ಉಪವಾಸ ಮಾಡುತ್ತಿದ್ದಳು. ಚಂದ್ರನನ್ನು ಕಂಡು, ಅರ್ಘ್ಯ ಕೊಟ್ಟ ಮೇಲೆಯೇ ಊಟ. ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಕಟ್ಟಡದ ಎಸಿಗಳು ಮಾತ್ರ. ಹಾಗಾಗಿ ಅಂದು ಸಂಜೆ ನಾನು ತಾರಸಿಗೆ ಹತ್ತಿ, ನೀರಿನ ಟ್ಯಾಂಕುಗಳ ನಡುವೆ ಕತ್ತು ಚಾಚಿ ನಿಲ್ಲುತ್ತಿದ್ದೆ. ಬೋಳು ಗುಡ್ಡದ ಮೇಲೆ ಚಂದ್ರನ ಅಂಚು ಕಂಡ ಕೂಡಲೇ ಕೆಳಗೆ ಫೋನ್ ಮಾಡಿ "ಬಂದ! ಬಂದ!" ಎಂದು ಘೋಷಿಸುತ್ತಿದ್ದೆ. ಅವಳು ಹಾಲಿನ ಲೋಟ ಹಿಡಿದು ಹತ್ತಿ ಬರುತ್ತಿದ್ದಳು. ಈ ಹುದ್ದೆಗೆ ನಾನೇ ಒಂದು ಹೆಸರಿಟ್ಟುಕೊಂಡಿದ್ದೆ. ಚಂದ್ರದರ್ಶನಾಧಿಕಾರಿ!

ತೈಲದ ಬೆಲೆ ನೆಲ ಕಚ್ಚಿದ ಮೇಲೆ ಈ ಹುದ್ದೆಯ ಘನತೆ ಇನ್ನೂ ಹೆಚ್ಚಿತು. ನಾನಿದ್ದದ್ದು ಎಣ್ಣೆಬಾವಿಗಳಿಗೆ ಪೈಪು ಒದಗಿಸುವ ಕಂಪನಿಯಲ್ಲಿ. ಹೊಸ ಬಾವಿ ಕೊರೆಯುವುದು ನಿಂತಿತು, ಪೈಪು ನಿಂತಿತು. ಮೊದಲು ಓವರ್‌ಟೈಮ್ ಹೋಯಿತು. ಆಮೇಲೆ ಆಫೀಸಿನ ಚಹಾ ಹೋಯಿತು. ಆಮೇಲೆ ಚಹಾ ತರುತ್ತಿದ್ದವನೇ ಹೋದ. ಗುರುವಾರ ಸಂಜೆ ಯಾರನ್ನಾದರೂ ಮ್ಯಾನೇಜರ್ ಒಳಗೆ ಕರೆದರೆ ಕೈಗೆ ನೋಟಿಸ್, ತಿಂಗಳು ಕಳೆದರೆ ಆ ಕುರ್ಚಿ ಖಾಲಿ. ಸುಧಾ ಹರಕೆ ಹೊತ್ತಳು: ಇಪ್ಪತ್ತೊಂದು ಸಂಕಷ್ಟಿ, ಒಂದೂ ತಪ್ಪದಂತೆ. ನನ್ನ ಕೆಲಸ ಉಳಿಯಬೇಕು. ಅಷ್ಟೇ.

ಇಪ್ಪತ್ತು ಮುಗಿದವು. ಕುರ್ಚಿಯಲ್ಲಿ ನಾನಿದ್ದೆ.

ಇಪ್ಪತ್ತೊಂದನೆಯದು ಬಂದದ್ದು ನಮ್ಮ ಪ್ರವಾಸದ ನಡುವೆ. ಒಳ್ಳೆಯ ದಿನಗಳ ಹುಮ್ಮಸ್ಸಿನಲ್ಲಿ ನಾನು ಉತ್ತರ ಧ್ರುವದ ಹತ್ತಿರದ ದ್ವೀಪಗಳ ಸುತ್ತ ಬೇಸಿಗೆಯ ಹಡಗು ಪ್ರವಾಸ ಕಾದಿರಿಸಿದ್ದೆ. ಹೋಗಲಿ ಬಿಡಲಿ, ದುಡ್ಡು ವಾಪಸ್ ಇಲ್ಲ.

"ರೀ, ಕೊನೇ ಸಂಕಷ್ಟಿ ಹಡಗಲ್ಲೇ ಬರತ್ತೆ. ಅಲ್ಲಿ ಚಂದ್ರ ಕಾಣ್ತಾನಾ?"

"ಅಲ್ಲಿ ಬೇಸಿಗೇಲಿ ಕತ್ತಲೇನೇ ಆಗಲ್ಲ ಕಣೇ! ಇಲ್ಲಿಯ ಧೂಳಲ್ಲೇ ಹುಡುಕಿ ಕೊಟ್ಟಿದೀನಿ, ಅಲ್ಲಿಯ ಬೆಳಕಲ್ಲಿ ಸಿಗಲ್ವಾ?"

ಈ ಉತ್ತರವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಬೆಳಕು ಹೆಚ್ಚಿದಷ್ಟೂ ಚಂದ್ರ ಚೆನ್ನಾಗಿ ಕಾಣುತ್ತಾನೆಂದು ನಂಬಿದ್ದ ಇಂಜಿನಿಯರ್ ನಾನು!

ಮೇಲಿನ ಮನೆಯ ಲಿಲ್ಲಿಬಾಯಿ, ಮಂಗಳೂರಿನವರು, ನಮ್ಮ ದಪ್ಪ ಕೋಟುಗಳನ್ನು ಮುಟ್ಟಿ ನೋಡಿ ಹೇಳಿದರು. "ಚಳಿಗೆ ಯಾರಾದ್ರೂ ದುಡ್ಡು ಕೊಟ್ಟು ಹೋಗ್ತಾರಾ ಮಾರಾಯ್ರೆ? ನಮ್ಮ ಆಫೀಸಿಗೆ ಬನ್ನಿ, ಎಸಿ ಹದಿನಾರಕ್ಕೆ ಇಟ್ಟಿರ್ತಾರೆ. ಫೈಲ್ ಹಿಡ್ಕೊಂಡು ನಡುಗ್ಲಿಕ್ಕೆ ಸಂಬಳವೂ ಉಂಟು!"

ನಾನು ನಕ್ಕೆ. ಆಗ ನಗಲು ನನಗೆ ಹಕ್ಕಿತ್ತು.

ಹಡಗು ಚಿಕ್ಕದು. ನಮ್ಮನ್ನು ನಡೆಸುವವಳು ಇನ್ಗ್ರಿಡ್ ಎಂಬ ಗೈಡ್, ಹೆಗಲ ಮೇಲೆ ಬಂದೂಕು ಹೊತ್ತ ಎತ್ತರದ ಹೆಂಗಸು. ಅವಳ ನಿಯಮಗಳು ಎರಡು. ಹೊರಗಿನ ಒಂದು ಬೀಜವೂ ಈ ನೆಲಕ್ಕೆ ಬೀಳಬಾರದು. ಅದಕ್ಕಾಗಿ ನಮ್ಮ ಬೂಟು, ಜೇಬುಗಳಿಗೆಲ್ಲ ವ್ಯಾಕ್ಯೂಮ್ ಹಿಡಿಸಿದಳು. ಸುಧಾಳ ಪೂಜೆಯ ಗರಿಕೆ ಕ್ಯಾಬಿನ್ನಿನಲ್ಲೇ ಉಳಿಯಿತು. ಎರಡನೆಯದು: ಹಿಮಕರಡಿ ಕಂಡರೆ ಉಸಿರೆತ್ತಬಾರದು.

ಮೊದಲ ದಿನಗಳು ಸೊಗಸಾಗಿದ್ದವು. ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋದೆವು. ಶುಕ್ರವಾರದ ಬಿರಿಯಾನಿ ಉಂಡು ಅಡ್ಡಾದ ಗಂಡಸರ ಹಾಗೆ ವಾಲ್ರಸ್‌ಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. "ಇದು ಥೇಟ್ ನೀವೇ" ಎಂದಳು ಸುಧಾ. ಕಡಿದಾದ ಬಂಡೆಯ ಪ್ರತಿ ಚಾಚಿನ ಮೇಲೂ ಹಕ್ಕಿಗಳು ಭುಜಕ್ಕೆ ಭುಜ ತಾಗಿಸಿ ಕೂತು ಜಗಳವಾಡುತ್ತಿದ್ದವು. ನೀಲಿ ಹಿಮದ ಗೋಡೆಯೊಂದು ನಮ್ಮೆದುರೇ ಗುಡುಗಿ ಸಮುದ್ರಕ್ಕೆ ಕುಸಿಯಿತು. ಕರಡಿ ಮಾತ್ರ ಕಾಣಲಿಲ್ಲ. ಎಲ್ಲರೂ ಬಂದದ್ದೇ ಅದಕ್ಕೆ. ಒಬ್ಬಳು ಜರ್ಮನ್ ಅಜ್ಜಿಯಂತೂ ಊಟದ ತಟ್ಟೆಯ ಪಕ್ಕದಲ್ಲೂ ದುರ್ಬೀನು ಇಟ್ಟುಕೊಳ್ಳುತ್ತಿದ್ದಳು.

ಸಂಕಷ್ಟಿಯ ಬೆಳಿಗ್ಗೆ ಸುಧಾ ಕ್ಯಾಬಿನ್ನಿನಲ್ಲಿ ಪೂಜೆಗೆ ಕೂತಿದ್ದಳು. ನಾನು ಒಬ್ಬನೇ ತಿಂಡಿಗೆ ಹೋದೆ. ಹೆಂಡತಿಗೆ ಹುಷಾರಿಲ್ಲವೇ ಎಂದು ಇನ್ಗ್ರಿಡ್ ಕೇಳಿದಳು.

"ಉಪವಾಸ. ಇವತ್ತು ಚಂದ್ರನನ್ನು ನೋಡಿಯೇ ಊಟ ಮಾಡುತ್ತಾಳೆ."

"ಇವತ್ತು ಸಾಧ್ಯವಿಲ್ಲ. ಇಲ್ಲಿ ಬೇಸಿಗೆಯಲ್ಲಿ ಹುಣ್ಣಿಮೆಯ ಆಸುಪಾಸಿನ ಚಂದ್ರ ಮೇಲೆ ಬರುವುದೇ ಇಲ್ಲ. ಈಗ ದಿಗಂತದ ಕೆಳಗಿದ್ದಾನೆ. ಇನ್ನೂ ಒಂದೆರಡು ದಿನ ಬೇಕು."

ಕೂಡಲೇ ಕ್ಯಾಬಿನ್ನಿಗೆ ಓಡಿ ಸುಧಾಳಿಗೆ ವಿಷಯ ತಿಳಿಸಿದೆ.

ಇಲ್ಲ, ತಿಳಿಸಲಿಲ್ಲ. ಓಡಿದ್ದು ನಾನು ಕನ್ನಡ ಸಂಘದ ಪಾರ್ಟಿಗಳಲ್ಲಿ ಹೇಳುವ ಕಥೆಯಲ್ಲಿ. ಹತ್ತು ಸಲ ಹೇಳಿದ ಮೇಲೆ ಆ ಓಟ, ಆ ಮೆಟ್ಟಿಲು, ಕಾಲು ಜಾರಿದ್ದು, ಎಲ್ಲ ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ನೆನಪು ನನ್ನ ಕಡೆಯ ವಕೀಲ. ನಿಜವಾಗಿ ನಾನು ಮಾಡಿದ್ದೆಂದರೆ, ಎದ್ದು ಹೋಗಿ ಇನ್ನೆರಡು ಪ್ಯಾನ್‌ಕೇಕ್ ಹಾಕಿಕೊಂಡು ಬಂದೆ.

ಸಂಜೆಯೊಳಗೆ ಏನಾದರೂ ಹೊಳೆಯುತ್ತದೆ ಎಂದುಕೊಂಡೆ. ಆದರೆ ಸಂಜೆಯೇ ಆಗದ ಊರದು! ಸುಧಾ ಕೋಟು ತೊಟ್ಟು, ಪುಟ್ಟ ಬೆಳ್ಳಿ ಲೋಟದಲ್ಲಿ ಹಾಲು, ಅದರಲ್ಲಿ ಗರಿಕೆ ಇಟ್ಟುಕೊಂಡು, ಡೆಕ್ಕಿನ ಬೆಂಚಿನ ಮೇಲೆ ಕೂತಳು. ನಡುನಡುವೆ ಕೇಳುತ್ತಿದ್ದಳು. "ಯಾವ ಕಡೆಯಿಂದ ಬರ್ತಾನೆ ರೀ?"

"ಬರ್ತಾನೆ, ಬರ್ತಾನೆ." ನಾನು ಕೈಯನ್ನು ಅರ್ಧ ಆಕಾಶಕ್ಕೆ ಬೀಸುತ್ತಿದ್ದೆ.

ಊಟದ ಗಂಟೆ ಬಾರಿಸಿತು. ನಾನು ಉಂಡೆ. ಅವಳು ಕೂತೇ ಇದ್ದಳು. ತುಟಿ ಒಣಗಿತ್ತು, ಕೈ ಚಳಿಗೆ ಕೆಂಪಾಗಿತ್ತು. ಊಟ ಮುಗಿಸಿ ಬಾಗಿಲು ತೆರೆದು ಹೊರಗೆ ಬರುತ್ತೇನೆ, ದಟ್ಟ ಮಂಜು! ಆ ಮಂಜಿನೊಳಗೆ, ಗುಡ್ಡದ ಮೇಲೆ, ತಣ್ಣಗೆ ಬೆಳ್ಳಗೆ, ಒಂದು ಕಿರಣವೂ ಇಲ್ಲದ ಬಿಂಬ!

ಅದು ಏನೆಂದು ನನಗೆ ಗೊತ್ತಿತ್ತು. ಗೊತ್ತಿತ್ತು. ಆದರೂ ಇಪ್ಪತ್ತು ತಿಂಗಳ ಅಭ್ಯಾಸ ಗಂಟಲಿನಲ್ಲೇ ಕೂತಿತ್ತು. ತಾರಸಿಯ ಮೇಲೆ ನಿಂತವನ ಹಾಗೆ ಕೂಗಿಬಿಟ್ಟೆ. "ಬಂದ! ಬಂದ! ಸುಧಾ, ಬಂದ!"

ಸುಧಾ ದಡಬಡಿಸಿ ಎದ್ದಳು. "ಇಷ್ಟು ಗುಂಡಗಿದಾನಲ್ಲ ರೀ? ಚೌತಿ ಅಲ್ವಾ?"

"ಧ್ರುವದ ಹತ್ತಿರ ಹಾಗೇ ಕಾಣೋದು!"

ಅವಳು ನಂಬಿದಳು. ಕಣ್ಣು ಮುಚ್ಚಿ ಲೋಟ ಎತ್ತಿ, ಕಟಕಟೆಯಾಚೆ ಹಾಲು ಬಿಟ್ಟು, ತುಟಿಯಲ್ಲೇ ಮಂತ್ರ ಹೇಳತೊಡಗಿದಳು.

ಆಗ ಡೆಕ್ಕಿನ ಇನ್ನೊಂದು ತುದಿ ನನ್ನ ಕಣ್ಣಿಗೆ ಬಿತ್ತು. ಹಡಗಿನ ಅಷ್ಟೂ ಜನ ಅಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಅಷ್ಟೂ ದುರ್ಬೀನು ದಡದ ಕಡೆಗೆ. ದಡದಲ್ಲಿ ಮಂಜು ಹರಿದ ಕಡೆ ಒಂದು ತಾಯಿ ಕರಡಿ, ಪಕ್ಕದಲ್ಲಿ ಮರಿ. ತಾಯಿ ತಲೆಯೆತ್ತಿ ನನ್ನ ಕಡೆ ನೋಡಿತು. (ಇಷ್ಟು ದೂರದಿಂದ ನಿಮ್ಮನ್ನೇ ಹೇಗೆ ನೋಡತ್ತೆ ಎನ್ನುತ್ತಾಳೆ ಸುಧಾ. ಇರಬಹುದು. ಆದರೆ ನನಗೆ ಆ ನೋಟ ಚೆನ್ನಾಗಿ ನೆನಪಿದೆ.) ಮರಿಯನ್ನು ಮೂತಿಯಿಂದ ದೂಡಿಕೊಂಡು ಬಂಡೆಯ ಹಿಂದೆ ಹೋಯಿತು.

ಖಲಾಸ್. ಮತ್ತೆ ಬರಲಿಲ್ಲ.

ಅಷ್ಟೂ ದುರ್ಬೀನು ಈಗ ನನ್ನ ಕಡೆ ತಿರುಗಿದವು. ಜರ್ಮನ್ ಅಜ್ಜಿ ತನ್ನದನ್ನು ಕೆಳಗಿಳಿಸಿ ಕಣ್ಣೊರೆಸಿಕೊಂಡಳು. ಇನ್ಗ್ರಿಡ್ ಹತ್ತಿರ ಬಂದಳು. ಬಂದೂಕು ಹೆಗಲ ಮೇಲೇ ಇತ್ತು.

"ಏನೆಂದು ಕೂಗಿದಿರಿ?"

"ಚಂದ್ರ... ಬಂದ ಅಂತ."

"ಅದು ಸೂರ್ಯ. ಈಗ ಚಂದ್ರ ಕಾಣುವುದಿಲ್ಲ ಎಂದು ಬೆಳಿಗ್ಗೆಯೇ ನಿಮಗೆ ಹೇಳಿದ್ದೆನಲ್ಲ?"

ಸರಿಯಾಗಿ ಆ ಗಳಿಗೆಗೆ ಮಂಜು ಸರಿಯಿತು. ನಾನು ತೋರಿಸಿದ ಚಂದ್ರ ಧಗಧಗ ಉರಿದ! ಸುಧಾ ಕಣ್ಣು ಬಿಟ್ಟಳು, ಕೈ ಅಡ್ಡ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬೆಳಿಗ್ಗೇನೇ ಗೊತ್ತಿತ್ತಾ ನಿಮಗೆ?"

"ಅಲ್ಲ ಕಣೇ... ನೀನು ಹಸಿದಿದ್ದೆ... ಊಟ ಮಾಡ್ಲಿ ಅಂತ..."

"ಹೇಳಿದ್ರೆ ಸಾಕಿತ್ತು. ಕಾಣ್ದೇ ಹೋದ್ರೆ ಮಸ್ಕತ್ತಿನ ಚಂದ್ರೋದಯದ ವೇಳೆಗೆ ಮನಸ್ಸಲ್ಲೇ ನೆನೆಸ್ಕೊಂಡು ಅರ್ಘ್ಯ ಬಿಡಿ ಅಂತ ಭಟ್ರು ಹೇಳಿ ಕಳಿಸಿದ್ರು. ಕಾಣ್ತಾನೆ ಅಂತ ನೀವಂದ್ರಲ್ಲ, ಅದಕ್ಕೇ ಕಾದೆ. ಆ ವೇಳೆ ದಾಟಿಹೋಯ್ತು."

ಅವಳು ಬೈಯಲಿಲ್ಲ. ಲೋಟ ತೊಳೆದಳು, ಬಟ್ಟೆಯಲ್ಲಿ ಒರೆಸಿದಳು, ಏನೂ ತಿನ್ನದೆ ಮಲಗಿದಳು. ಮರುದಿನದಿಂದ ತಿಂಡಿಯ ಹೊತ್ತಿಗೆ ನಮ್ಮ ಮೇಜಿನಲ್ಲಿ ಯಾರೂ ಕೂರಲಿಲ್ಲ. ಕೊನೆಯ ಎರಡು ದಿನ ನಾನು ಡೆಕ್ಕಿಗೆ ಬಂದಾಗಲೆಲ್ಲ ಒಬ್ಬ ಇಂಗ್ಲಿಷ್ ಮುದುಕ ತುಟಿಯ ಮೇಲೆ ಬೆರಳಿಡುತ್ತಿದ್ದ.

ಮಸ್ಕತ್ತಿಗೆ ಮರಳಿದ ಮೇಲೆ ಒಂದು ಗುರುವಾರ ಮ್ಯಾನೇಜರ್ ನನ್ನನ್ನು ಒಳಗೆ ಕರೆದ. ಆ ಇಡೀ ಬೇಸಿಗೆಯಲ್ಲಿ ನನಗೆ ದರ್ಶನವಾದದ್ದು ಒಂದೇ ಒಂದು ಚಂದ್ರ. ಕಂಪನಿ ಕೊಟ್ಟ ಅರ್ಧಚಂದ್ರ!

ಈ ಮಾತನ್ನು ದಾರಿಯುದ್ದಕ್ಕೂ ತಿದ್ದಿ ತೀಡಿಕೊಂಡು ಬಂದು ಸುಧಾಳಿಗೆ ಹೇಳಿದೆ. ಅವಳು ನಗಲಿಲ್ಲ. ಹರಕೆಯ ಮಾತನ್ನೂ ಎತ್ತಲಿಲ್ಲ. ಎತ್ತಿದ್ದರೆ ನಾನು ವಾದಿಸಬಹುದಿತ್ತು. ಪೈಪಿನ ಬೆಲೆ, ಬಾವಿಗಳ ಸಂಖ್ಯೆ, ಎಲ್ಲ ನನ್ನ ಬಾಯಲ್ಲೇ ಇತ್ತು. "ಕೈಕಾಲು ತೊಳ್ಕೊಂಡು ಬನ್ನಿ" ಎಂದಳು, ಅಷ್ಟೇ.

ಮುಂದಿನ ಸಂಕಷ್ಟಿಗೆ ಅವಳು ಮತ್ತೆ ಒಂದರಿಂದ ಶುರು ಮಾಡಿದಳು. ಈ ಸಲ ನನಗೆ ಹೊಸ ಕೆಲಸ ಸಿಗಲಿ ಎಂದು. ಅವಳು ಕೇಳುವ ಮೊದಲೇ ನಾನು ತಾರಸಿಗೆ ಓಡಿದೆ. ಟ್ಯಾಂಕುಗಳ ನಡುವೆ ಕತ್ತು ಚಾಚಿದೆ. ಬೋಳು ಗುಡ್ಡದ ಮೇಲೆ, ಒಂದು ಬದಿ ಸವೆದ, ಅಪ್ಪಟ ಚೌತಿಯ ಚಂದ್ರ! ಫೋನ್ ಮಾಡಿದೆ.

"ಬಂದ! ಬಂದ!"

ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಅವಳ ದನಿ ಕೇಳಿಸಿತು.

"ಲಿಲ್ಲಿಬಾಯಿ, ಒಂಚೂರು ತಾರಸಿಗೆ ಹೋಗಿ ನೋಡಿ ಹೇಳ್ತೀರಾ?"

ಕೈಯಲ್ಲಿ ಜಪಸರ ಹಿಡಿದುಕೊಂಡೇ ಲಿಲ್ಲಿಬಾಯಿ ಏದುಸಿರು ಬಿಡುತ್ತಾ ಹತ್ತಿ ಬಂದರು. ಚಂದ್ರನನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೊಮ್ಮೆ ಚಂದ್ರನನ್ನು ನೋಡಿದರು. ಆಮೇಲೆ ಕೆಳಗೆ ಬಗ್ಗಿ ಕೂಗಿದರು.

"ಹೌದು ಮಾರಾಯ್ತಿ, ಚಂದ್ರನೇ! ಈ ಸಲ ಅಸಲಿ! ಬಾ, ಹಾಲು ಬಿಟ್ಟು ಊಟ ಮಾಡು!"

ಸುಧಾ ಬಂದು ಅರ್ಘ್ಯ ಬಿಟ್ಟು ಇಳಿದುಹೋದಳು. ಕೆಳಗೆ ತಟ್ಟೆ ಇಟ್ಟ ಸದ್ದಾಯಿತು. ಮಾಜಿ ಚಂದ್ರದರ್ಶನಾಧಿಕಾರಿ ನಾನು ಟ್ಯಾಂಕಿನ ಪಕ್ಕದಲ್ಲೇ ನಿಂತಿದ್ದೆ. ಕಂಪನಿಯವರಾದರೂ ಒಂದು ತಿಂಗಳು ಮುಂಚೆ ನೋಟಿಸ್ ಕೊಟ್ಟಿದ್ದರು.