ದೊಡ್ಡಪ್ಪನ ಸರದಿ

"ಚಿಲಕ ಬಹಳ ಚೆನ್ನಾಗಿ ಬಂದಿದೆ ಕಣಯ್ಯಾ," ಎಂದರು ಕನ್ನಡಕದಂಗಡಿಯವರು, ಗೋಡೆಯ ಟಿವಿಯಲ್ಲಿದ್ದ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಹೋಗಿ. "ತುಕ್ಕಿನ ಚುಕ್ಕೆ ಒಂದೊಂದೂ ಎಣಿಸಬಹುದು. ಆದ್ರೆ ಮುಂದೆ ಯಾರೋ ಹೆಂಗಸು ಅಡ್ಡ ಬಂದುಬಿಟ್ಟಿದ್ದಾರೆ ನೋಡು. ಸ್ವಲ್ಪ ಪಕ್ಕಕ್ಕೆ ಸರೀರಿ ಅನ್ನಬಾರದಿತ್ತಾ?"

ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಲ್ಲಿನ ಡಾಕ್ಟರಂತೂ ತಮ್ಮ ಮೂವತ್ತೆರಡನ್ನೂ ಪ್ರದರ್ಶನಕ್ಕಿಟ್ಟರು.

ಅಡ್ಡ ಬಂದಿದ್ದ ಹೆಂಗಸು ಫ್ರಿಜ್ಜುವಿನ ಅಮ್ಮ.

ಫ್ರಿಜ್ಜು ಅಂದರೆ ಆ ಫೋಟೋ ತೆಗೆದ ಹುಡುಗ. ಎಂಟನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಫ್ರಿಜ್ ರಿಪೇರಿ ಅಂಗಡಿ ಸೇರಿದ ಮೇಲೆ ಹೆತ್ತವರು ಇಟ್ಟ ಹೆಸರು ಸವೆದುಹೋಗಿ ಇದೊಂದೇ ಉಳಿದುಕೊಂಡಿತ್ತು. ಹೆಸರು ಮಾತ್ರ ತಣ್ಣಗೆ. ತಲೆ ಸದಾ ಕೊತಕೊತ. ಈಗಲೂ ಅವನ ಕಿವಿ ಎರಡೂ ಕಾದ ಕಾವಲಿಯಾಗಿದ್ದವು. ಆದರೂ ಬಾಯಿ ಬಿಗಿಹಿಡಿದು ಕೂತಿದ್ದ. ಕಾರಣ, ಅವನಿಗೆ ಇವತ್ತು ದೊಡ್ಡಪ್ಪ ಬೇಕಿತ್ತು.

ದೊಡ್ಡಪ್ಪ ಅಂದರೆ ಲೆನ್ಸು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಸೇರುವ ಮಿರರ್‌ಲೆಸ್ ಎಂಬ ಹೊಸ ಬಗೆಯ ಸದ್ದಿಲ್ಲದ ಕ್ಯಾಮೆರಾದ ಈ ಬಳಗದವರು ಎಲ್ಲರೂ ಸೇರಿ ಕೊಂಡಿದ್ದ ಭಾರಿ ಲೆನ್ಸು ಅದು. ಗಾತ್ರದಲ್ಲಿ ಹೂಜಿ, ಗಾಂಭೀರ್ಯದಲ್ಲಿ ಮನೆಯ ಹಿರಿಯ. ಅದಕ್ಕೇ ಆ ಹೆಸರು. ವಾರಕ್ಕೊಬ್ಬರಂತೆ ಸರದಿಯ ಮೇಲೆ ಮನೆಗೆ ಒಯ್ಯಬಹುದು. ಕತ್ತಲ ಕೋಣೆಯಲ್ಲೂ ಹಗಲಿನಂಥ ಫೋಟೋ ತೆಗೆಯುವ ಶಕ್ತಿ ಅದಕ್ಕಿತ್ತು. ಬಳಗದವರ ಮಾತೆಲ್ಲ ಅದರ ಸುತ್ತಲೇ. ಯಾರಾದರೂ ತಮ್ಮ ಮಗುವಿನ ಫೋಟೋ ತೋರಿಸಿದರೆ ಮಗುವಿಗೆ ಎಷ್ಟು ತಿಂಗಳು ಎಂದು ಯಾರೂ ಕೇಳುತ್ತಿರಲಿಲ್ಲ. ಲೆನ್ಸು ಎಷ್ಟು ಮಿಲಿಮೀಟರು ಎಂದು ಕೇಳುತ್ತಿದ್ದರು.

ಈ ವಾರ ಸರದಿ ಫ್ರಿಜ್ಜುವಿನದು. ನಾಳೆ ಬೆಳಿಗ್ಗೆ ಅವನ ಅಕ್ಕನ ಮದುವೆ, ನೋಂದಣಿ ಕಚೇರಿಯಲ್ಲಿ. ಆ ಕಚೇರಿಗೆ ಇರುವುದು ಒಂದೇ ಟ್ಯೂಬ್‌ಲೈಟು. ಇದ್ದೊಂದು ಕಿಟಕಿಗೆ ಕಡತಗಳ ಗೋಡೆ ಎದ್ದಿದೆ. ಹೋದವಾರ ಹೋಗಿ ಪರೀಕ್ಷೆಗೆಂದು ಅಲ್ಲಿನ ಗುಮಾಸ್ತನ ಫೋಟೋ ತೆಗೆದಿದ್ದ. ಗುಮಾಸ್ತ ದೆವ್ವದ ಹಾಗೆ ಬಂದಿದ್ದ. ಆದರೆ ಅಕ್ಕ ಆಗಲೇ ಗಂಡಿನ ಕಡೆಯವರೆಲ್ಲರ ಮುಂದೆ, "ಫೋಟೋ ನನ್ನ ತಮ್ಮಂದು" ಎಂದು ಎದೆ ತಟ್ಟಿ ಹೇಳಿಬಿಟ್ಟಿದ್ದಳು. ಗಂಡಿನ ಸೋದರಮಾವ ತನಗೆ ಗೊತ್ತಿರುವ ಫೋಟೋಗ್ರಾಫರನ್ನು ತುದಿಗಾಲಲ್ಲಿ ನಿಲ್ಲಿಸಿಕೊಂಡಿದ್ದ.

"ಲೆನ್ಸಿನದೇನೂ ತಪ್ಪಿಲ್ಲಪ್ಪ," ಎಂದರು ಕನ್ನಡಕದವರು. "ಹಿಡಿದೋನಿಗೆ ಕಣ್ಣಿರಬೇಕು. ಬೇಕಿದ್ರೆ ಆಚೆ ಕೂತ್ಕೋ, ಪರೀಕ್ಷೆ ಮಾಡ್ತೀನಿ. ಚಿಲಕಕ್ಕೂ ತಾಯಿಗೂ ವ್ಯತ್ಯಾಸ ಗೊತ್ತಾಗದವನ ಕೈಗೆ ದೊಡ್ಡಪ್ಪನ್ನ ಕೊಡೋದು ಹೇಗೆ?"

"ಸರ್, ಸರದಿ ನಂದು."

"ಯಾರು ಇಲ್ಲ ಅಂದ್ರು? ಸಂಜೆ ನಾನು ಅಂಗಡಿ ಶಟರ್ ಎಳೆಯೋದರೊಳಗೆ ಒಂದು ಮುಖ ತೆಗೆದು ತಾ. ಕಣ್ರೆಪ್ಪೆ ಎಣಿಸೋ ಹಾಗಿರಬೇಕು. ತಂದ್ರೆ ದೊಡ್ಡಪ್ಪ ನಿನ್ನ ಜೊತೆ. ಇಲ್ಲಾಂದ್ರೆ ಡಾಕ್ಟರ ಜೊತೆ."

ಡಾಕ್ಟರು ಆಗಲೇ ದೊಡ್ಡಪ್ಪನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸವರುತ್ತಿದ್ದರು.

ಮನೆಯ ಮೆಟ್ಟಿಲವರೆಗೂ ಹಲ್ಲು ಕಡಿಯುತ್ತಲೇ ಬಂದ ಫ್ರಿಜ್ಜುವಿಗೆ ಅಕ್ಕನ ಫೋನು ಬಂತು. ಬಟ್ಟೆ ಹೊಲಿಯಲು ಕೊಟ್ಟ ಕಡೆಯಿಂದ ಮಾಡಿದ್ದಳು. ತಿಂಗಳುಗಟ್ಟಲೆ ತಮ್ಮನ ಬಾಯಲ್ಲಿ ಲೆನ್ಸಿನ ಪುರಾಣ ಕೇಳಿ ಕೇಳಿ ಅವಳೂ ಅದನ್ನು ದೊಡ್ಡಪ್ಪ ಅಂತಲೇ ಕರೆಯುತ್ತಿದ್ದಳು. ಅಮ್ಮ ಮಾತ್ರ ಕ್ಯಾಮೆರಾ ಮಾತೆತ್ತಿದರೆ ಕುಕ್ಕರಿನ ಸೀಟಿ ಎಣಿಸಲು ಒಳಗೆ ಹೋಗಿಬಿಡುವಳು.

"ಅಕ್ಕಾ, ನೀನು ಸುಮ್ನಿರು!" ಫ್ರಿಜ್ಜು ಮೆಟ್ಟಿಲಲ್ಲೇ ಕೂಗಿದ. "ದೊಡ್ಡಪ್ಪನ್ನ ಇವತ್ತು ಸಂಜೆ ಎತ್ಕೊಂಡು ಬರೋದೇ. ಕೊಡದೆ ಏನ್ ಮಾಡ್ತಾರೆ? ... ಹೂಂ, ಮೆತ್ತಗಿರೋ ಬಟ್ಟೇಲಿ ಸುತ್ತಿ ಚೀಲಕ್ಕೆ ಹಾಕ್ತೀನಿ. ಒಂದು ಗೀರೂ ಬೀಳಲ್ಲ. ... ಮನೆಗೆ ತಂದು ಡಬ್ಬದೊಳಗಿಟ್ಟು ಗಾಳಿ ಆಡದ ಹಾಗೆ ಮುಚ್ಚಿಬಿಡೋಣ, ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತೆ. ಅಮ್ಮಂಗೆ ಹೇಳ್ಬೇಡ, ಬೈತಾಳೆ."

ಮೇಲಿನ ಮಹಡಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದ ನೆರೆಮನೆಯ ಆಂಟಿಯ ಕೈಯಿಂದ ಬಕೆಟ್ಟು ಜಾರಿತು.

ಫ್ರಿಜ್ಜುವಿಗೆ ಒಬ್ಬ ನಿಜವಾದ ದೊಡ್ಡಪ್ಪನೂ ಇದ್ದ. ಮೂರು ಬೀದಿ ಆಚೆಗೆ ಮನೆ; ಬಸ್ಸು ಓಡಿಸಿ ನಿವೃತ್ತನಾದವನು. ಒಂದು ಕಾಲದಲ್ಲಿ ಇವರ ಮನೆಯ ಏಣಿಯನ್ನು "ಈಗ ತಂದೆ" ಎಂದು ಒಯ್ದಿದ್ದ. ಆ 'ಈಗ' ಇನ್ನೂ ಬಂದಿರಲಿಲ್ಲ. ಏಣಿ ಕೇಳಿದ್ದಕ್ಕೆ ಒಂದು ಮಾತು, ಆ ಮಾತಿಗೆ ಎರಡು ಮಾತು, ಹೀಗೆ ಬೆಳೆದು ಎರಡು ಮನೆಗೂ ಮಾತು ಬಿಟ್ಟುಹೋಗಿತ್ತು. ಮದುವೆಗೂ ಕರೆದಿರಲಿಲ್ಲ. ಇದೆಲ್ಲ ಆಂಟಿಗೆ ತನ್ನ ಮನೆಯ ಸಂಗತಿಗಿಂತ ಚೆನ್ನಾಗಿ ಗೊತ್ತಿತ್ತು. ಬಕೆಟ್ಟನ್ನು ಬಿದ್ದಲ್ಲೇ ಬಿಟ್ಟು ಅವಳು ಹಿಂದಿನ ಮೆಟ್ಟಿಲಿಳಿದು ಇಸ್ತ್ರಿ ಅಂಗಡಿಗೆ ಓಡಿದಳು.

ಇತ್ತ ಫ್ರಿಜ್ಜು ಮುಖ ಹುಡುಕಿಕೊಂಡು ಹೊರಟ. ಬೀದಿ ತುಂಬ ಮುಖಗಳೇ. ಆದರೆ ಅವನ ಕ್ಯಾಮೆರಾ ಮಾತ್ರ ಮುಖ ಬಿಟ್ಟು ಇನ್ನೇನನ್ನಾದರೂ ಪ್ರೀತಿಸುತ್ತಿತ್ತು. ಕ್ಷೌರದವನನ್ನು ತೆಗೆದರೆ ಬಾಚಣಿಗೆಯ ಹಲ್ಲು ಮಿಂಚಿದವು, ಕ್ಷೌರದವನು ಮಂಜಾದ. ಹಣ್ಣಿನಂಗಡಿಯವಳನ್ನು ತೆಗೆದರೆ ತಕ್ಕಡಿ ಸಿಕ್ಕಿತು, ಅವಳು ಕರಗಿದಳು. ಅದೂ ಸಾಲದೆಂದು ಸದ್ದೇ ಮಾಡದ ಕ್ಯಾಮೆರಾ. ಟಿಕ್ ಅನ್ನಲಿ ಎಂದು ಹಲ್ಲು ಕಿರಿದುಕೊಂಡೇ ನಿಂತಿದ್ದ ಹಣ್ಣಿನವಳು, "ದವಡೆ ಹಿಡ್ಕೊಳ್ತು, ತೆಗಿಯೋದಾದ್ರೆ ತೆಗಿ!" ಎಂದು ಗದರಿದಳು. ತೆಗೆದು ಎಷ್ಟೋ ಹೊತ್ತಾಗಿತ್ತು.

ಕೊನೆಗೆ ಇಸ್ತ್ರಿಯವನ ಮುಂದೆ ಹೋಗಿ ನಿಂತ. ಇಸ್ತ್ರಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ ಗಂಟಲು ಸರಿಮಾಡಿಕೊಂಡ.

"ಏನಪ್ಪಾ, ಇವತ್ತು ದೊಡ್ಡಪ್ಪನ್ನ ಎತ್ಹಾಕ್ಕೊಂಡು ಬರ್ತೀಯಂತೆ?"

ಲೆನ್ಸಿನ ಕೀರ್ತಿ ಇಸ್ತ್ರಿ ಅಂಗಡಿಯವರೆಗೂ ಹಬ್ಬಿದೆಯಲ್ಲ ಎಂದು ಫ್ರಿಜ್ಜುವಿಗೆ ಖುಷಿಯಾಯಿತು. "ನಿಮಗೂ ಗೊತ್ತಾಯ್ತಾ? ಹೂಂ, ಸಂಜೆ ಕೆಲಸ ಮುಗಿಸಿಬಿಡ್ತೀನಿ."

"ವಯಸ್ಸಾಗಿದೆ ಕಣಪ್ಪಾ. ನೋಡ್ಕೊಂಡು."

"ವಯಸ್ಸಾದ್ರೇನು, ಗಟ್ಟಿ ಆಸಾಮಿ. ಕೆಳಗೆ ಬಿದ್ರೂ ಏನೂ ಆಗಲ್ಲ, ಡಾಕ್ಟರ್ ಒಂದ್ಸಲ ಬೀಳಿಸಿ ನೋಡಿದ್ದಾರೆ."

"ಡಾಕ್ಟರೇ?" ಇಸ್ತ್ರಿಯವನ ಕಣ್ಣು ಅಗಲವಾದವು. "ಅವರೂ ಸೇರಿದ್ದಾರಾ ಇದರಲ್ಲಿ?"

"ಅವರಿಗೂ ಆಸೆ. ಆದ್ರೆ ಅವರಿಗೆ ಕೈ ಹಾಕೋಕೆ ಬರಲ್ಲ. ಗುಂಡಿ ಒತ್ತಿ, ಕತ್ತು ಹಿಡಿದು ಎಡಕ್ಕೆ ತಿರುಗಿಸಿದ್ರೆ ಕಟಕ್ ಅಂತ ಬಂದ್ಬಿಡುತ್ತೆ. ನಾನಾದ್ರೆ ಕಣ್ಮುಚ್ಚಿ ಮಾಡ್ತೀನಿ."

ಇಸ್ತ್ರಿಪೆಟ್ಟಿಗೆಯ ಕೆಳಗಿನ ಶರಟು ಹೊಗೆಯಾಡತೊಡಗಿತು. ಆ ಹೊಗೆಯ ಫೋಟೋ ಬಹಳ ಚೆನ್ನಾಗಿ ಬಂತು. ಇಸ್ತ್ರಿಯವನು ಮಾತ್ರ ಬರಲಿಲ್ಲ. ಅವನು ಅಂಗಡಿ ಬಿಟ್ಟು ಮೂರು ಬೀದಿ ಆಚೆಗೆ ಓಡಿಯಾಗಿತ್ತು.

ಬಿಸಿಲು ಇಳಿಯತೊಡಗಿದಾಗ ಫ್ರಿಜ್ಜು ಸೋತ ಮುಖ ಹೊತ್ತು ಮನೆಗೆ ಬಂದ. ಬಂದ ಗಳಿಗೆಗೇ ಬಾಗಿಲಲ್ಲಿ ಬಸ್ಸಿನ ಹಾರ್ನಿನಂಥ ಸ್ವರ ಮೊಳಗಿತು.

"ಎಲ್ಲೋ ಅವನು? ಬಾರೋ! ತುಂಬೋ ಚೀಲಕ್ಕೆ! ನಾನೇ ಬಂದಿದ್ದೀನಿ, ಎತ್ತೋ!"

ಹೊಸಿಲಾಚೆ ದೊಡ್ಡಪ್ಪ ನಿಂತಿದ್ದ. ತಲೆಗೆ ಹೆಲ್ಮೆಟ್ಟು. ಸುಡುಬಿಸಿಲಿನಲ್ಲೂ ಕತ್ತಿಗೆ ಮಫ್ಲರು, ಒಂದರ ಮೇಲೊಂದು ಸುತ್ತಿ ಕತ್ತೇ ಕಾಣದ ಹಾಗೆ. ಹಿಂದೆ ಆಂಟಿ. ಅವಳ ಹಿಂದೆ ಇಸ್ತ್ರಿಯವನು, ಸಾಕ್ಷಿ ಹೇಳುವ ಉತ್ಸಾಹದಲ್ಲಿ.

"ದೊಡ್ಡಪ್ಪಾ?" ಫ್ರಿಜ್ಜು ತಬ್ಬಿಬ್ಬಾದ.

"ಏನ್ ದೊಡ್ಡಪ್ಪ! ನನ್ನ ಕತ್ತು ಎಡಕ್ಕೆ ತಿರುಗಿಸ್ತೀಯಂತೆ? ಡಬ್ಬದಲ್ಲಿಟ್ಟು ಮುಚ್ತೀಯಂತೆ? ನಿನ್ನ ಮೂಗು ಒರೆಸಿದ ಕೈ ಇದು!"

"ಕಣ್ಮುಚ್ಚಿ ಮಾಡ್ತೀನಿ ಅಂದ," ಎಂದು ಇಸ್ತ್ರಿಯವನು ಹಿಂದಿನಿಂದ ಸೇರಿಸಿದ. "ಡಾಕ್ಟರೂ ಶಾಮೀಲು."

ಫ್ರಿಜ್ಜುವಿಗೆ ಆಗ ತಲೆಯಲ್ಲಿ ದೀಪ ಹತ್ತಿತು. "ಅಯ್ಯೋ, ಅದು ನೀವಲ್ಲ! ಲೆನ್ಸು, ಲೆನ್ಸು! ಕ್ಯಾಮೆರಾದ್ದು. ದೊಡ್ಡದಾಗಿದೆ ಅಂತ ಅದನ್ನ ದೊಡ್ಡಪ್ಪ ಅಂತ ಕರೀತೀವಿ. ನಾಳೆ ಮದುವೆ ಫೋಟೋಗೆ ಅದನ್ನ ತರೋಣ ಅಂತ..."

ಆಂಟಿಯ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ದೊಡ್ಡಪ್ಪ ನಿಧಾನವಾಗಿ ಹೆಲ್ಮೆಟ್ಟು ಬಿಚ್ಚಿದ. ಒಳಗೆ ತಲೆ ನೀಟಾಗಿ ಬಾಚಿತ್ತು.

"ಅಂದ್ರೆ," ಎಂದ. ಹಾರ್ನು ಸೈಕಲ್ಲಿನ ಗಂಟೆಯಷ್ಟಾಗಿತ್ತು. "ನನ್ನನ್ನ ಮದುವೆಗೆ ಎತ್ಕೊಂಡು ಹೋಗೋ ಯೋಚನೆ ಯಾರಿಗೂ ಇರಲಿಲ್ಲ?"

ಕತ್ತಿನ ಮಫ್ಲರನ್ನೂ ಒಂದು ಸುತ್ತು ಬಿಚ್ಚಿದ.

"ಚೀಲದಲ್ಲಾದ್ರೂ ಹಾಕ್ಕೊಂಡು ಹೋಗ್ತಾರಲ್ಲಾ ಅಂದ್ಕೊಂಡೆ. ಶೇವಿಂಗೂ ಮಾಡ್ಕೊಂಡು ಬಂದೆ."

ಅಷ್ಟರಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು. ಇಷ್ಟು ವರ್ಷಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು:

"ಏಣಿ ಎಲ್ಲಿ?"

"ಮನೇಲಿದೆ," ಎಂದ ದೊಡ್ಡಪ್ಪ, ನೆಲ ನೋಡುತ್ತಾ.

"ನಾಳೆ ಬೆಳಿಗ್ಗೆ ನೋಂದಣಿ ಕಚೇರಿಗೆ ಬನ್ನಿ ಭಾವ. ಬರುವಾಗ ಏಣಿ ತನ್ನಿ."

"ಕಚೇರಿಗೆ ಏಣಿನಾ?"

"ತಂದ್ರೇನೇ ಒಳಗೆ ಬಿಡೋದು!"

ಗದರಿದ್ದು ಬಾಯಿ. ಕಣ್ಣು ಬೇರೇನೋ ಹೇಳುತ್ತಿತ್ತು. ಇಳಿಬಿಸಿಲು ಬಾಗಿಲಿನಿಂದ ನೇರ ಅವಳ ಮುಖದ ಮೇಲೆ ಬಿದ್ದಿತ್ತು. ಫ್ರಿಜ್ಜುವಿನ ಕೈ ಅವನನ್ನು ಕೇಳದೆ ಕ್ಯಾಮೆರಾ ಎತ್ತಿತು. ಫೋಕಸ್ಸಿನ ಹಸಿರು ಚೌಕ ಪರದೆಯ ಮೇಲೆ ಅತ್ತಿತ್ತ ಅಲೆದು, ಚಿಲಕವನ್ನೂ ಹೆಲ್ಮೆಟ್ಟನ್ನೂ ದಾಟಿ, ಅಮ್ಮನ ಕಣ್ಣಿನ ಮೇಲೆ ಕೂತಿತು. ಒತ್ತಿದ. ಸದ್ದಾಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಪರದೆ ನೋಡಿದವನೇ ಸೈಕಲ್ ಹತ್ತಿದ. ಅರ್ಧ ದಾರಿಗೆ ಚೈನು ಕಳಚಿತು. ಸೈಕಲನ್ನು ಎತ್ತಿ ಹೆಗಲಿಗೇರಿಸಿ ಓಡಿದ. ಕನ್ನಡಕದವರು ಶಟರ್ ಅರ್ಧ ಎಳೆದಿದ್ದರು. ಸೈಕಲನ್ನು ಹೊರಗೆ ಒರಗಿಸಿ ಶಟರಿನ ಕೆಳಗಿನಿಂದ ಬಗ್ಗಿ ನುಗ್ಗಿದ.

ಟಿವಿಯಲ್ಲಿ ಅಮ್ಮ ಮೂಡಿದಳು. ರೆಪ್ಪೆ ರೆಪ್ಪೆಯೂ ಬೇರೆ ಬೇರೆ. ಕೆನ್ನೆಯ ಮೇಲೊಂದು ಸೋಪಿನ ನೊರೆಯ ಗುಳ್ಳೆ, ಅದರೊಳಗೆ ಪುಟಾಣಿ ಬಾಗಿಲು, ಬಾಗಿಲಲ್ಲಿ ಪುಟಾಣಿ ದೊಡ್ಡಪ್ಪ. ಬೈಗುಳಕ್ಕೆ ತೆರೆದ ಬಾಯಿ, ತುಂಬಿ ಬಂದ ಕಣ್ಣು. ಡಾಕ್ಟರ ಕೈಯ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಫ್ರಿಜ್ಜುವಿನ ಎದೆ ಉಬ್ಬಿತು.

"ಯಾವ ಲೆನ್ಸಿದು?" ಎಂದರು ಕನ್ನಡಕದವರು.

"ಕ್ಯಾಮೆರಾ ಜೊತೆ ಬಂದಿದ್ದೇ ಸರ್. ಅವರು ನಮ್ಮಮ್ಮ—"

"ಅದಿರಲಿ. ಅಂಚು ನೋಡ್ರೀ ಡಾಕ್ಟ್ರೇ, ಅಂಚಿನಲ್ಲೂ ಎಷ್ಟು ಚೂಪು!"

"ಬಣ್ಣ ನೋಡಿ ಸ್ವಾಮಿ! ಡಬ್ಬಿ ಜೊತೆ ಪುಕ್ಕಟೆ ಬರೋ ಲೆನ್ಸೇ ಇದು? ಸಾವಿರಕ್ಕೊಂದು ಹೀಗೆ ತಯಾರಾಗಿಬಿಡುತ್ತೆ, ಅದೃಷ್ಟ ಇರೋರ ಕೈಗೆ ಸಿಗುತ್ತೆ."

"ಏನ್ ಗಾಜು! ಏನ್ ಗಾಜು!"

ಎಲ್ಲರೂ ಎದ್ದು ಬಂದು ಫ್ರಿಜ್ಜುವಿನ ಎದೆಯ ಮೇಲೆ ತೂಗುತ್ತಿದ್ದ ಪುಟ್ಟ ಲೆನ್ಸನ್ನು ಬಗ್ಗಿ ಬಗ್ಗಿ ನೋಡಿದರು. ಅದರ ಮೇಲೆ ಒಂದು ಮುಖವೂ ಇದೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

"ಸರ್, ದೊಡ್ಡಪ್ಪನ್ನ ಕೊಟ್ರೆ ನಾನು ಹೊರಡ್ತೀನಿ," ಎಂದ ಫ್ರಿಜ್ಜು.

"ದೊಡ್ಡಪ್ಪನಾ? ನಿನಗ್ಯಾಕೆ?" ಕನ್ನಡಕದವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಇಂಥ ಲೆನ್ಸ್ ಕೊರಳಲ್ಲಿ ಕಟ್ಕೊಂಡಿರೋನಿಗೆ ದೊಡ್ಡಪ್ಪ ಯಾಕಪ್ಪ?"

"ನೀವೇ ಹೇಳಿದ್ರಲ್ಲ ಸರ್, ಮುಖ ತಂದ್ರೆ ಕೊಡ್ತೀನಿ ಅಂತ!"

"ಹೇಳಿದ್ದೆ. ಬೆಳಿಗ್ಗೆ ನಿನಗೆ ಅದರ ಅಗತ್ಯ ಇತ್ತು. ಈಗ ಇಲ್ಲ ಅಂತ ನೀನೇ ಸಾಬೀತು ಮಾಡಿದ್ದೀಯಲ್ಲ! ನ್ಯಾಯವಾಗಿ ಯೋಚನೆ ಮಾಡು. ಪಾಪ, ಡಾಕ್ಟರ ಹತ್ರ ಇಂಥ ಲೆನ್ಸ್ ಇದೆಯಾ? ಅವರ ಬೆಕ್ಕಿನ ಮೀಸೆ ಇವತ್ತಿಗೂ ಸರಿಯಾಗಿ ಬಂದಿಲ್ಲ."

ಬೆಕ್ಕಿನ ದುಃಖ ನೆನೆದು ಡಾಕ್ಟರು ನಿಟ್ಟುಸಿರಿಟ್ಟರು. ದೊಡ್ಡಪ್ಪ ಆಗಲೇ ಅವರ ಚೀಲ ಸೇರಿದ್ದ.

"ಸರ್, ನಾಳೆ ನಮ್ಮಕ್ಕನ ಮದುವೆ. ಆ ಕಚೇರೀಲಿ ಕಗ್ಗತ್ತಲು ಸರ್..."

"ಆಮೇಲೆ ಇನ್ನೊಂದು ಮಾತು," ಎಂದು ಕನ್ನಡಕದವರು ಸಭೆಯ ಕಡೆ ತಿರುಗಿದರು. "ಇಂಥದ್ದನ್ನ ಒಬ್ಬನೇ ಇಟ್ಕೊಳ್ಳೋದು ಸ್ವಾರ್ಥ ಆಗುತ್ತೆ. ಬಳಗ ಅಂದ್ಮೇಲೆ ಹಂಚ್ಕೋಬೇಕು. ಇದನ್ನೂ ಸರದಿಗೆ ಹಾಕೋಣ. ಇವತ್ತಿಂದಲೇ. ಬಿಚ್ಚಪ್ಪ."

ಚಪ್ಪಾಳೆ ಬಿತ್ತು. ಫ್ರಿಜ್ಜುವಿನ ಜೇಬಿನಲ್ಲಿ ಫೋನು ಗುಂಯ್‌ಗುಡತೊಡಗಿತು, ಅಕ್ಕ.

"ಒಂದು ಹೆಸರೂ ಇಡಬೇಕಲ್ಲ ಇದಕ್ಕೆ," ಎಂದು ಕನ್ನಡಕದವರು ಚಾಚಿದ ಕೈಯನ್ನು ಹಾಗೇ ಹಿಡಿದು ಹುಬ್ಬೇರಿಸಿದರು. "ದೊಡ್ಡಪ್ಪ ಇದ್ದಾನೆ. ಇದು ಚಿಕ್ಕದು... ಚಿಕ್ಕಪ್ಪ! ಹೇಗಿದೆ? ಏನಂತೀಯೋ ಫ್ರಿಜ್ಜು?"

ಫ್ರಿಜ್ಜು ಕ್ಯಾಮೆರಾವನ್ನು ಅಂಗಿಯೊಳಗೆ ತೂರಿಸಿ ಗುಂಡಿ ಹಾಕಿಕೊಂಡ. ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಬೀದಿಗೆ ಬಂದ. ಒಳಗೆ, ಚಿಕ್ಕಪ್ಪ ಮೊದಲ ವಾರ ಯಾರ ಮನೆಗೆ ಹೋಗಬೇಕೆಂದು ಜಗಳ ಶುರುವಾಗಿತ್ತು. ಯಾರೋ ಅವನನ್ನು ಹೆಸರು ಹಿಡಿದು ಕೂಗಿದರು, ಮತ್ತೊಮ್ಮೆ ಕೂಗಿದರು. ಅವನು ಚೈನು ಕಳಚಿದ ಸೈಕಲನ್ನು ತಳ್ಳಿಕೊಂಡು ಹೋಗುತ್ತಲೇ ಇದ್ದ.